ಬಾಗಿಲು ಹಾಕಿ ಹೊರಟ ಮೇಲೆ ಮನೆಯ ನಾಯಿ ಏನು ಮಾಡುತ್ತದೆ?

ಹೋದ ತಿಂಗಳು ಸಾಕುಪ್ರಾಣಿಗಳ ಬಗ್ಗೆ ನಿಮ್ಮ ಅನುಭವ ಬರೆಯಿರಿ ಎಂದು ನಮ್ಮ ಕನ್ನಡ ವೇಳೆಯಲ್ಲಿ ಕೇಳಿಕೊಂಡಿದ್ದೆ. ಬೆಕ್ಕು, ಗಿಳಿ, ಅಕ್ವೇರಿಯಂ ಮೀನು ಎಲ್ಲದರ ಬಗ್ಗೆಯೂ ಪತ್ರಗಳು ಬಂದವು. ಆದರೆ ನಾಯಿ ಸಾಕಿದವರ ಪತ್ರಗಳಲ್ಲಿ ಮುಕ್ಕಾಲು ಪಾಲು ದೂರಿನ ಪತ್ರಗಳು. ಚಪ್ಪಲಿ ಕಚ್ಚಿ ಹಾಕಿದೆ, ಸೋಫಾದ ಹತ್ತಿ ಕಿತ್ತು ಹಾಲ್ ತುಂಬ ಹರಡಿದೆ, ನಾವು ಕೆಲಸಕ್ಕೆ ಹೋದ ಮೇಲೆ ಒಂದೇ ಸಮನೆ ಬೊಗಳುತ್ತದಂತೆ, ಸೊಸೈಟಿಯವರು ನೋಟಿಸು ಕೊಟ್ಟಿದ್ದಾರೆ, ಹೀಗೆ. ಇನ್ನೂ ಮೂರು ನಾಲ್ಕು ಪತ್ರಗಳ ಕೊನೆಗೆ ಒಂದೇ ಬಗೆಯ ಮಾತಿತ್ತು: "ಯಾರಾದರೂ ಒಳ್ಳೆಯವರು ಸಿಕ್ಕಿದರೆ ಕೊಟ್ಟುಬಿಡೋಣ ಅಂತ ಇದ್ದೇವೆ."

ಈ ಮಾತಿನ ಹಿಂದೆ ಎಷ್ಟು ಸಂಕಟ ಇರುತ್ತದೆಂದು ನನಗೆ ಗೊತ್ತು. ಆದರೆ ಕೇಳುಗರೇ, ಒಳ್ಳೆಯವರು ಅಷ್ಟು ಸುಲಭವಾಗಿ ಸಿಗುವುದಿಲ್ಲ. ನಾಲ್ಕು ವರ್ಷದ ಲ್ಯಾಬ್ರಡಾರನ್ನು, ಅದರಲ್ಲೂ ಸೋಫಾ ಹರಿಯುತ್ತದೆ ಎಂಬ ಖ್ಯಾತಿ ಇರುವುದನ್ನು, ಯಾರು ತೆಗೆದುಕೊಳ್ಳುತ್ತಾರೆ? ಕೊನೆಗೆ ಅದು ಆಶ್ರಯಧಾಮ ಸೇರುತ್ತದೆ, ಇಲ್ಲವೇ ಹೈವೇ ಪಕ್ಕದಲ್ಲಿ ಕಾರಿನಿಂದ ಇಳಿಯುತ್ತದೆ. ಎರಡು ಹೊತ್ತು ಮನೆಯ ಅನ್ನ ತಿಂದು ಬೆಳೆದ ನಾಯಿಗೆ ಬೀದಿಯಲ್ಲಿ ಬದುಕುವ ವಿದ್ಯೆ ಬಂದಿರುವುದಿಲ್ಲ. ಹಾಗಾಗಿ ಇವತ್ತಿನ ಹದಿನೈದು ನಿಮಿಷ ಈ ವಿಷಯಕ್ಕೇ ಇಟ್ಟುಕೊಂಡಿದ್ದೇನೆ. ನಾಯಿಯ ಹೊಟ್ಟೆಗೆ ಏನು ಹಾಕಬೇಕೆಂದು ಎಲ್ಲರೂ ಹೇಳುತ್ತಾರೆ. ಅದರ ತಲೆಗೆ ಏನು ಕೊಡಬೇಕು ಎಂಬುದನ್ನು ನಾವು ಸ್ವಲ್ಪ ಮಾತಾಡೋಣ.

ನಿಮ್ಮ ಮನೆಯ ದಿನಚರಿಯನ್ನೇ ಒಮ್ಮೆ ನಾಯಿಯ ಕಡೆಯಿಂದ ನೋಡಿ. ಬೆಳಿಗ್ಗೆ ಹಾಲಿನವನು ಬಂದ, ಕುಕ್ಕರ್ ಕೂಗಿತು, ಮಗು ಸ್ಕೂಲ್ ಬಸ್ಸಿಗೆ ಓಡಿತು, ಎಂಟು ಹತ್ತರ ಲೋಕಲ್ ಹಿಡಿಯಲು ನೀವು ಓಡಿದಿರಿ. ಬಾಗಿಲು ಮುಚ್ಚಿತು. ಇನ್ನು ಸಂಜೆ ಏಳೂವರೆಯವರೆಗೆ ಏನೂ ಇಲ್ಲ. ನಾಯಿ ದಿನದ ಅರ್ಧದಷ್ಟು ಹೊತ್ತು ನಿದ್ದೆ ಮಾಡುವ ಪ್ರಾಣಿ, ನಿಜ. ಹಾಗಾಗಿ ನೀವಿಲ್ಲದ ಹೊತ್ತಿನಲ್ಲಿ ಬಹುಪಾಲು ಅದು ಮಲಗಿಯೇ ಇರುತ್ತದೆ. ಆದರೆ ಎಚ್ಚರವಾದಾಗ? ನಾನೂರು ಚದರ ಅಡಿಯ ಫ್ಲ್ಯಾಟಿನಲ್ಲಿ ಅದು ನಿನ್ನೆ ಮೂಸಿದ್ದನ್ನೇ ಇವತ್ತು ಮೂಸಬೇಕು. ನಿಮ್ಮ ವಾಸನೆ ದಟ್ಟವಾಗಿರುವ ವಸ್ತು ಯಾವುದು ಹೇಳಿ? ಚಪ್ಪಲಿ. ಅದನ್ನು ಕಚ್ಚುತ್ತದೆ. ಸಿಟ್ಟಿನಿಂದ, ಸೇಡಿನಿಂದ ಕಚ್ಚಿತು ಎಂದು ನಾವು ಅಂದುಕೊಳ್ಳುತ್ತೇವೆ. ಸೇಡು ಮನುಷ್ಯರ ವಿದ್ಯೆ, ನಾಯಿಗೆ ಅಷ್ಟೊಂದು ಲೆಕ್ಕಾಚಾರ ಬಾರದು.

ನಮ್ಮ ಊರುಗಳ ನಾಯಿಗಳನ್ನು ನೆನಪಿಸಿಕೊಳ್ಳಿ. ತೋಟದ ಮನೆಯ ನಾಯಿಗೆ ಬೆಳಗಾದರೆ ಮಂಗ ಓಡಿಸುವ ಕೆಲಸ, ಅಪ್ಪಯ್ಯನ ಹಿಂದೆ ಗದ್ದೆಗೆ ಹೋಗುವ ಕೆಲಸ, ಮಧ್ಯಾಹ್ನ ಹಟ್ಟಿಯ ಬಾಗಿಲಲ್ಲಿ ಕೂತು ಹೋಗಿ ಬರುವವರ ತಪಾಸಣೆ. ಬಯಲುಸೀಮೆಯಲ್ಲಾದರೆ ಕುರಿಗಾರರ ಜೊತೆ ಊರೂರು ತಿರುಗುವ ಕೆಲಸ. ಯಾರೂ ಅದಕ್ಕೆ ಆಟಿಗೆ ಕೊಡಿಸಲಿಲ್ಲ, ತರಬೇತುದಾರರನ್ನು ಕರೆಸಲಿಲ್ಲ. ಅದಕ್ಕೆ ಬೇಕಾಗಿಯೂ ಇರಲಿಲ್ಲ, ಏಕೆಂದರೆ ಅದು ನೌಕರಿಯಲ್ಲಿತ್ತು.

ಕನ್ನಡ ಬಿ.ಎ. ಓದಿದ ನನಗೆ ಇಲ್ಲೊಂದು ಶಾಸನದ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಊರಿದೆ. ಅಲ್ಲಿ ಸಿಕ್ಕಿದ ಕ್ರಿ.ಶ. 949-50ರ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ಯುದ್ಧ ನಡೆದಾಗ ಗಂಗರ ಬೂತುಗನ ಕಡೆಯ ಮಣಲೇರ ಎಂಬ ವೀರ ಚೆನ್ನಾಗಿ ಹೋರಾಡಿದ. ಏನು ಬೇಕು ಕೇಳು ಎಂದಾಗ ಆತ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಆ ಕಾಳಿ ಮುಂದೆ ಬೆಳತೂರಿನ ಬಳಿಯ ಗುಡ್ಡದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಹಂದಿಯೂ ಸತ್ತು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆ ತಪ್ಪಬಾರದೆಂದು ಭೂಮಿಯನ್ನೂ ಬಿಟ್ಟರು. ಸಾವಿರ ವರ್ಷದ ಹಿಂದಿನ ಕನ್ನಡ ನಾಡಿನಲ್ಲಿ ನಾಯಿಯ ಸ್ಥಾನ ಏನಿತ್ತೆಂದು ಇದರಿಂದ ಗೊತ್ತಾಗುತ್ತದೆ. ಕಾಳಿಗೆ ಗೌರವ ಸಿಕ್ಕಿದ್ದು ಅದರ ಮುದ್ದು ಮುಖಕ್ಕಲ್ಲ, ಅದು ಮಾಡಿದ ಕೆಲಸಕ್ಕೆ.

ಈಗ ನಿಮ್ಮ ಮನೆಯ ನಾಯಿಯ ವಂಶವೃತ್ತಿ ಯಾವುದೆಂದು ನೋಡಿ. ಲ್ಯಾಬ್ರಡಾರಿನ ಹಿರಿಯರು ನ್ಯೂಫೌಂಡ್ಲೆಂಡ್ ದ್ವೀಪದ ಮೀನುಗಾರರ ಜೊತೆ ತಣ್ಣೀರಿಗೆ ಇಳಿದು ಬಲೆ, ಮೀನು ಎಳೆದು ತರುತ್ತಿದ್ದವರು. ಜರ್ಮನ್ ಶೆಫರ್ಡ್ ಕುರಿ ಕಾಯಲು ಹುಟ್ಟಿದ್ದು. ಬೀಗಲ್ ಮೊಲದ ಜಾಡು ಹಿಡಿಯುವುದಕ್ಕೆ. ಗಿಡ್ಡ ಕಾಲಿನ ಡ್ಯಾಶ್‌ಹುಂಡ್ ನೆಲದೊಳಗಿನ ಬಿಲಕ್ಕೆ ನುಗ್ಗಿ ಬೇಟೆ ಹೊರಗೆಳೆಯುವುದಕ್ಕೆ. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯಂತೂ ಕಣ್ಣಿನಿಂದಲೇ ಬೇಟೆ ಗುರುತಿಸಿ ಬಾಣದ ಹಾಗೆ ಓಡುವ ತಳಿ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತು, 2016ರಲ್ಲಿ ಸೇನೆಯವರು ಮೀರತ್‌ಗೆ ಮರಿಗಳನ್ನು ತರಬೇತಿಗೆ ಒಯ್ದರು. ಅಂಥ ನಾಯಿಯನ್ನು ಇಲ್ಲಿಯ ಒಂದು ಬೆಡ್‌ರೂಮಿನ ಮನೆಗೆ ತರುವವರನ್ನು ಕಂಡರೆ ನನಗೆ ಸ್ವಲ್ಪ ಬೇಜಾರೇ. ತರಬಾರದೆಂದಲ್ಲ, ತಂದವರು ಬೆಳಿಗ್ಗೆ ಐದಕ್ಕೆ ಎದ್ದು ಮೈದಾನ ಹುಡುಕಲು ಸಿದ್ಧರಿರಬೇಕು. ನೂರಾರು ವರ್ಷ ಒಂದು ಕೆಲಸಕ್ಕೆಂದೇ ಆರಿಸಿ ಬೆಳೆಸಿದ ಪ್ರಾಣಿಯನ್ನು ಟೈಲ್ಸ್ ನೆಲದ ಮೇಲೆ ಸುಮ್ಮನೆ ಕೂರಿಸಿದರೆ, ಅದು ತನಗೆ ತಾನೇ ಕೆಲಸ ಹುಡುಕಿಕೊಳ್ಳುತ್ತದೆ. ಆ ಕೆಲಸ ನಮಗೆ ಇಷ್ಟವಾಗುವುದಿಲ್ಲ, ಅಷ್ಟೇ.

ಹಾಗಾದರೆ ಏನು ಮಾಡಬೇಕು? ಮೊದಲಿಗೆ ಮೂಗಿನಿಂದ ಶುರು ಮಾಡೋಣ.

ನಮ್ಮ ಮೂಗಿನಲ್ಲಿ ವಾಸನೆ ಗ್ರಹಿಸುವ ಕೋಶಗಳು ಐವತ್ತು ಅರವತ್ತು ಲಕ್ಷದಷ್ಟಿದ್ದರೆ ನಾಯಿಯ ಮೂಗಿನಲ್ಲಿ ಹತ್ತು ಕೋಟಿಗೂ ಮಿಕ್ಕಿ ಇವೆ, ಕೆಲವು ತಳಿಗಳಲ್ಲಿ ಇಪ್ಪತ್ತು ಕೋಟಿಗೂ ಹೆಚ್ಚು. ಮೂಸುವಾಗ ಅದು ಸೆಕೆಂಡಿಗೆ ಸುಮಾರು ಐದು ಸಲ ಗಾಳಿ ಎಳೆದುಕೊಳ್ಳುತ್ತದೆ. ಅದರ ಮೂಗಿನ ಹೊಳ್ಳೆಯ ಪಕ್ಕದಲ್ಲಿ ಸಣ್ಣ ಸೀಳು ಇರುವುದನ್ನು ಗಮನಿಸಿದ್ದೀರಾ? ಬಿಟ್ಟ ಉಸಿರು ಆ ಸೀಳಿನಿಂದ ಪಕ್ಕಕ್ಕೆ ಹೋಗುತ್ತದೆ, ಎದುರಿಗಿರುವ ವಾಸನೆ ಚದುರುವುದಿಲ್ಲ. ಎಂಥ ಏರ್ಪಾಡು ನೋಡಿ! ಇಂಥ ಮೂಗು ಇರುವ ಪ್ರಾಣಿಗೆ ಲೈಟ್ ಕಂಬ ಒಂದು ದಿನಪತ್ರಿಕೆ ಇದ್ದ ಹಾಗೆ. ನಿನ್ನೆ ರಾತ್ರಿ ಯಾರು ಬಂದಿದ್ದರು, ಗಂಡೋ ಹೆಣ್ಣೋ, ಎಷ್ಟು ಹೊತ್ತಾಯಿತು, ಎಲ್ಲ ಅಲ್ಲಿ ಬರೆದಿರುತ್ತದೆ. ನಾವೋ, ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದು "ನಡೀ ನಡೀ" ಎಂದು ಎಳೆಯುತ್ತೇವೆ. ನೀವು ಪೇಪರ್ ತೆರೆದು ಮೊದಲ ಸಾಲು ಓದುವಷ್ಟರಲ್ಲಿ ಯಾರಾದರೂ ಕಿತ್ತುಕೊಂಡರೆ ಹೇಗಿರುತ್ತದೆ?

2019ರಲ್ಲಿ ಷಾರ್ಲಾಟ್ ಡ್ಯುರಾಂಟನ್ ಮತ್ತು ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಇಬ್ಬರು ಸಂಶೋಧಕಿಯರು ಇದನ್ನೇ ಪರೀಕ್ಷಿಸಿದ ಅಧ್ಯಯನ ಪ್ರಕಟಿಸಿದರು. ಕೆಲವು ಸಾಕುನಾಯಿಗಳಿಗೆ ಎರಡು ವಾರ ದಿನಾ ವಾಸನೆ ಹಿಡಿದು ತಿಂಡಿ ಹುಡುಕುವ ಅಭ್ಯಾಸ ಮಾಡಿಸಿದರು. ಉಳಿದವಕ್ಕೆ ಯಜಮಾನರ ಪಕ್ಕದಲ್ಲಿ ಶಿಸ್ತಾಗಿ ನಡೆಯುವ ಅಭ್ಯಾಸ. ಆಮೇಲೆ ಒಳಗೆ ತಿಂಡಿ ಇರಬಹುದು, ಇಲ್ಲದಿರಬಹುದು ಎಂಬಂಥ ಜಾಗದಲ್ಲಿ ಒಂದು ಬಟ್ಟಲು ಇಟ್ಟು ನೋಡಿದರೆ, ಮೂಗಿನ ಕೆಲಸ ಮಾಡಿದ ನಾಯಿಗಳು ಮೊದಲಿಗಿಂತ ಬೇಗನೆ ಅದರ ಕಡೆ ಹೋದವು. ಶಿಸ್ತಾಗಿ ನಡೆದವುಗಳಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಅಂದರೆ "ಸಿಕ್ಕೀತು" ಎಂಬ ಭರವಸೆ ಅವುಗಳಲ್ಲಿ ಹೆಚ್ಚಿತ್ತು. ನಮ್ಮ ಹೌಸಿಂಗ್ ಸೊಸೈಟಿಗಳಲ್ಲಿ ಸೈನಿಕರ ಹಾಗೆ ನಡೆಯುವ ನಾಯಿಯನ್ನೇ ಎಲ್ಲರೂ ಹೊಗಳುತ್ತಾರೆ. ಹೊಗಳಲಿ, ಬೇಡವೆನ್ನುವುದಿಲ್ಲ, ರಸ್ತೆ ದಾಟುವಾಗ ಅದೂ ಬೇಕು. ಆದರೆ ಇಪ್ಪತ್ತು ನಿಮಿಷದ ವಾಕಿಂಗಿನಲ್ಲಿ ಹತ್ತು ನಿಮಿಷವನ್ನಾದರೂ ಅದಕ್ಕೇ ಬಿಟ್ಟುಕೊಡಿ. ಅದು ನಿಂತಲ್ಲಿ ನಿಲ್ಲಿ, ಅದು ತಿರುಗಿದ ಕಡೆ ತಿರುಗಿ. ಎರಡು ಕಟ್ಟಡದಾಚೆಗೂ ಹೋಗದಿದ್ದರೂ ಪರವಾಗಿಲ್ಲ. ವಾಪಸು ಬಂದು ನೀರು ಕುಡಿದು ದೊಪ್ಪನೆ ಮಲಗುತ್ತದೆ, ನೀವೇ ನೋಡಿ.

ಎರಡನೆಯದು ಊಟ. ಬಟ್ಟಲಿಗೆ ಹಾಕಿದ ಊಟವನ್ನು ನಾಯಿ ಎಷ್ಟು ಹೊತ್ತಿನಲ್ಲಿ ಮುಗಿಸುತ್ತದೆ? ಲ್ಯಾಬ್ರಡಾರ್ ಆದರೆ ಒಂದು ನಿಮಿಷ ಹೆಚ್ಚೇ ಆಯಿತು. ಅದರ ಹೊಟ್ಟೆಬಾಕತನಕ್ಕೆ ಒಂದು ಕಾರಣ ವಂಶವಾಹಿಯಲ್ಲೇ ಇದೆ ಎಂದು 2016ರಲ್ಲಿ ಕೇಂಬ್ರಿಡ್ಜಿನ ಸಂಶೋಧಕರು ತೋರಿಸಿದರು. ಸುಮಾರು ಕಾಲು ಭಾಗ ಲ್ಯಾಬ್ರಡಾರ್‌ಗಳಲ್ಲಿ ಹಸಿವನ್ನು ಹಿಡಿತದಲ್ಲಿಡುವ ವಂಶವಾಹಿಯ ಒಂದು ತುಣುಕೇ ಇಲ್ಲವಂತೆ. ಪಾಪ, ಅದರ ತಪ್ಪಲ್ಲ! ಇರಲಿ. ದಿನದಲ್ಲಿ ನಾಯಿಗೆ ಅತ್ಯಂತ ಪ್ರಿಯವಾದ ಘಟನೆ ಒಂದು ನಿಮಿಷದಲ್ಲಿ ಮುಗಿದುಹೋಗುತ್ತದೆ ಎಂಬುದನ್ನಷ್ಟೇ ಗಮನಿಸಿ. ಅದನ್ನೇ ಇಪ್ಪತ್ತು ನಿಮಿಷಕ್ಕೆ ಎಳೆಯಲು ಸಾಧ್ಯವಿದೆ.

ಕಷ್ಟಪಟ್ಟು ತಿನ್ನುವುದರಲ್ಲಿ ಪ್ರಾಣಿಗೆ ಏನು ಸುಖ ಎಂದು ನೀವು ಕೇಳಬಹುದು. ಗ್ಲೆನ್ ಜೆನ್ಸನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1963ರಲ್ಲಿ ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದ. ಪಕ್ಕದಲ್ಲೇ ಬಟ್ಟಲು ತುಂಬ ಆಹಾರ ಇಟ್ಟಿದ್ದರೂ, ಸನ್ನೆ ಒತ್ತಿ ಒಂದೊಂದೇ ತುಣುಕು ಸಂಪಾದಿಸುವುದನ್ನು ಅನೇಕ ಇಲಿಗಳು ಬಿಡಲಿಲ್ಲ. ಮುಂದೆ ಬೇರೆ ಬೇರೆ ಪ್ರಾಣಿಪಕ್ಷಿಗಳಲ್ಲೂ ಇದು ಕಂಡುಬಂತು. ನಾಯಿಗಳೆಲ್ಲವೂ ಹೀಗೆಯೇ ಎಂದು ಹೇಳಲು ಬರುವುದಿಲ್ಲ, ಆರಾಮವಾಗಿ ಬಟ್ಟಲಿಗೇ ಹೋಗುವ ಮಹಾಶಯರೂ ಇದ್ದಾರೆ. ಆದರೆ ಹುಡುಕಿ ತಿನ್ನುವ ಕೆಲಸ ಕೊಟ್ಟರೆ ಬಹಳಷ್ಟು ನಾಯಿಗಳು ಬಾಲ ಅಲ್ಲಾಡಿಸುತ್ತಲೇ ಮಾಡುತ್ತವೆ.

ಇದಕ್ಕೆ ಅಂಗಡಿಯ ದುಬಾರಿ ಆಟಿಗೆಗಳೇ ಬೇಕೆಂದಿಲ್ಲ. ನಿಮ್ಮ ಅಡುಗೆಮನೆಯಲ್ಲಿ ಇಡ್ಲಿ ತಟ್ಟೆ ಇದೆಯಲ್ಲ, ಕನ್ನಡಿಗರ ಮನೆ ಎಂದ ಮೇಲೆ ಇಲ್ಲದಿರುತ್ತದೆಯೇ? ಹಳೆಯದೊಂದನ್ನು ನಾಯಿಗೆ ಬಿಟ್ಟುಕೊಡಿ. ಒಂದೊಂದು ಗುಳಿಯಲ್ಲಿ ನಾಲ್ಕು ಕಾಳು ಆಹಾರ ಹಾಕಿ, ಕೆಲವು ಗುಳಿಗಳ ಮೇಲೆ ಟೆನಿಸ್ ಚೆಂಡು ಇಡಿ. ಯಾವುದರ ಕೆಳಗಿದೆ, ಯಾವುದರ ಕೆಳಗಿಲ್ಲ ಎಂದು ಮೂಸಿ, ಚೆಂಡು ತಳ್ಳಿ ತಿನ್ನಲಿ. ಹಳೆಯ ಟವೆಲ್ ಹಾಸಿ, ಉದ್ದಕ್ಕೂ ಆಹಾರ ಉದುರಿಸಿ, ಚಾಪೆ ಸುತ್ತಿದ ಹಾಗೆ ಸುತ್ತಿ ಕೊಡಿ. ಅದು ಕಲಿತ ಮೇಲೆ ಒಂದು ಸಡಿಲ ಗಂಟು ಹಾಕಿ. ಕೊರಿಯರ್‌ನಲ್ಲಿ ಬಂದ ರಟ್ಟಿನ ಪೆಟ್ಟಿಗೆಗಳನ್ನು ಬಿಸಾಡಬೇಡಿ, ಟೇಪು, ಪಿನ್ನು ಕಿತ್ತು, ಒಳಗೆ ಚೂರುಪಾರು ಕಾಗದ ತುಂಬಿ ನಡುವೆ ತಿಂಡಿ ಅಡಗಿಸಿ. ಪೆಟ್ಟಿಗೆ ಹರಿಯುವ ಸುಖ ಸಿಕ್ಕಿದ ನಾಯಿ ಸೋಫಾದ ತಂಟೆಗೆ ಹೋಗುವುದು ಕಡಿಮೆ. ರಟ್ಟನ್ನೇ ನುಂಗುವ ನಾಯಿಯಾದರೆ ಮಾತ್ರ ಇದು ಬೇಡ. ಬೇಸಿಗೆಯಲ್ಲಿ ಸ್ಟೀಲ್ ಬಟ್ಟಲಲ್ಲಿ ಮೊಸರನ್ನ ಹಾಕಿ ಫ್ರೀಜರಿನಲ್ಲಿ ಗಟ್ಟಿ ಮಾಡಿ ಕೊಟ್ಟರೆ ಅರ್ಧ ಗಂಟೆ ನೆಕ್ಕುತ್ತಾ ಕೂರುತ್ತದೆ. ನೆಕ್ಕುವುದೂ ಕಚ್ಚುವುದೂ ನಾಯಿಯ ಮನಸ್ಸನ್ನು ಶಾಂತಗೊಳಿಸುವ ಕೆಲಸಗಳು. ಪೇಟೆಯಲ್ಲಿ ಸಿಗುವ ಟೊಳ್ಳು ರಬ್ಬರ್ ಆಟಿಗೆಗಳೂ ಇದೇ ಉಪಾಯ. 1970ರ ದಶಕದಲ್ಲಿ ಅಮೆರಿಕದ ಜೋ ಮಾರ್ಕಮ್ ಎಂಬಾತ, ತನ್ನ ಜರ್ಮನ್ ಶೆಫರ್ಡ್ ಹಳೆಯ ಫೋಕ್ಸ್‌ವ್ಯಾಗನ್ ಗಾಡಿಯ ರಬ್ಬರ್ ಭಾಗವೊಂದನ್ನು ಬಿಡದೆ ಕಚ್ಚುವುದನ್ನು ನೋಡಿ ಅಂಥ ಆಟಿಗೆ ಮಾಡಿದನಂತೆ. ಅದೇ ಮುಂದೆ ಕಾಂಗ್ ಎಂಬ ಹೆಸರಿನಲ್ಲಿ ಪ್ರಸಿದ್ಧವಾಯಿತು.

ಎರಡು ಎಚ್ಚರಿಕೆ. ಆಟಕ್ಕೆ ಕೊಡುವ ತಿಂಡಿ ದಿನದ ಊಟದ ಲೆಕ್ಕದಿಂದಲೇ ಹೋಗಬೇಕು, ಇಲ್ಲದಿದ್ದರೆ ಮೂರೇ ತಿಂಗಳಲ್ಲಿ ನಾಯಿ ಪಿಪಾಯಿ ಆಗುತ್ತದೆ. ಇನ್ನು ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ಇವು ನಾಯಿಗೆ ವಿಷ. ಸಕ್ಕರೆರಹಿತ ಚೂಯಿಂಗ್ ಗಮ್, ಕೆಲವು ಪೀನಟ್ ಬಟರ್‌ಗಳಲ್ಲಿ ಇರುವ ಕ್ಸೈಲಿಟಾಲ್ ಇನ್ನೂ ಅಪಾಯ, ಡಬ್ಬಿಯ ಮೇಲಿನ ಬರಹ ಓದಿಯೇ ಕೊಡಿ. ಬೇಯಿಸಿದ ಕೋಳಿ ಮೂಳೆ ಸೀಳಿ ಚುಚ್ಚುತ್ತದೆ, ಅದೂ ಬೇಡ. ಪಾಯಸದ ದ್ರಾಕ್ಷಿಯನ್ನು ಪ್ರೀತಿಯಿಂದ ನಾಯಿಗೆ ಹಾಕುವ ಅಜ್ಜಿಯರಿಗೆ ಇದನ್ನು ದಯವಿಟ್ಟು ತಿಳಿಸಿ ಹೇಳಿ.

ಅಜ್ಜಿ ಎಂದೊಡನೆ ನಮ್ಮದೇ ಕಟ್ಟಡದ ಕತೆ ನೆನಪಾಯಿತು. ನಾಲ್ಕನೇ ಮಹಡಿಯಲ್ಲಿ ಧಾರವಾಡ ಕಡೆಯ ಒಂದು ಕುಟುಂಬ, ಗಂಡ ಹೆಂಡತಿ ಇಬ್ಬರೂ ನೌಕರಿಯವರು. 2020ರ ಲಾಕ್‌ಡೌನ್ ಹೊತ್ತಿನಲ್ಲಿ ಮಗನ ಒತ್ತಾಯಕ್ಕೆ ಬೀಗಲ್ ಮರಿ ತಂದರು. ಮನೆ ತುಂಬ ಜನ, ಮರಿಗೆ ಸಂಭ್ರಮವೋ ಸಂಭ್ರಮ. ಆಫೀಸು ಶಾಲೆ ಎಲ್ಲ ಮತ್ತೆ ತೆರೆದದ್ದೇ ತಡ, ಅದು ಒಂಟಿಯಾಯಿತು. ಬೀಗಲ್ ಬೊಗಳುವುದಿಲ್ಲ, ಊಳಿಡುತ್ತದೆ, ಮೂರು ಕಟ್ಟಡಕ್ಕೆ ಕೇಳಿಸುತ್ತದೆ. ನೋಟಿಸು ಬಂತು, ಮಾತಿಗೆ ಮಾತು ಬೆಳೆಯಿತು, ಕೊನೆಗೆ ಕೊಟ್ಟುಬಿಡುವುದೆಂದು ತೀರ್ಮಾನವೂ ಆಗಿತ್ತು. ಮಗ ಎರಡು ದಿನ ಊಟ ಬಿಟ್ಟ. ಆ ಹೊತ್ತಿಗೆ ಊರಿನಿಂದ ಕಣ್ಣಿನ ಆಪರೇಷನ್ನಿಗೆಂದು ಅಜ್ಜಿ ಬಂದರು. ಬಂದವರು ಎರಡು ದಿನ ಆ ನಾಯಿಯನ್ನು ನೋಡಿ, "ಏನ್ರೀ ಇದು, ಅದಕ್ಕ ಮಾಡಾಕ ಕೆಲಸಾನ ಇಲ್ಲ, ಒದರಲಾರದ ಏನ ಮಾಡೀತು?" ಎಂದರಂತೆ. ಆಪರೇಷನ್ ಆದ ಮೇಲೆ ಅಜ್ಜಿಯೂ ಮನೆಯಲ್ಲೇ ಕೂರಬೇಕಲ್ಲ. ಮೊಮ್ಮಗ ಶಾಲೆಗೆ ಹೋಗುವ ಮುಂಚೆ ಬಾಲ್ಕನಿಯಲ್ಲಿ, ಮಂಚದ ಕೆಳಗೆ, ಮಡಚಿದ ಚಾಪೆಯಲ್ಲಿ ನಾಯಿಯ ತಿಂಡಿ ಅಡಗಿಸಿಟ್ಟು ಹೋಗುವುದು, ಅಜ್ಜಿ ಹತ್ತು ಗಂಟೆಗೆ "ಹುಡಕು" ಎನ್ನುವುದು. ಮಧ್ಯಾಹ್ನ ಇನ್ನೊಂದು ಸುತ್ತು. ಬೀಗಲ್‌ಗೆ ಬೇಕಾದದ್ದು ಅದೇ, ಜಾಡು ಹಿಡಿಯುವುದು. ಒಂದು ತಿಂಗಳಲ್ಲಿ ಊಳಿಡುವುದು ನಿಂತೇಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಲಿಫ್ಟಿನ ಗಂಟೆ ಕೇಳಿದರೆ ಈಗಲೂ ಒಂದು ಸಲ ರಾಗ ಎಳೆಯುತ್ತದೆ. ಆದರೆ ಎರಡನೆಯ ನೋಟಿಸು ಬರಲಿಲ್ಲ. ಅಜ್ಜಿ ಊರಿಗೆ ಹೋದ ಮೇಲೆ ಏನಾಯಿತು ಎನ್ನುತ್ತೀರಾ? ಕೆಲಸದ ಬಾಯಿ ಹನ್ನೊಂದಕ್ಕೆ ಬರುತ್ತಾಳೆ, ಅವಳಿಗೂ "ಹುಡಕು" ಎಂಬ ಒಂದು ಕನ್ನಡ ಶಬ್ದ ಬರುತ್ತದೆ.

ನೋಟಿಸಿನ ಮಾತು ಬಂದದ್ದರಿಂದ ಒಂದು ವಿಷಯ ಹೇಳಿಬಿಡುತ್ತೇನೆ. ಸೊಸೈಟಿಯವರು ನಾಯಿ ಸಾಕುವುದನ್ನೇ ನಿಷೇಧಿಸುವ ಹಾಗಿಲ್ಲ, ಬೊಗಳುವುದನ್ನು ಅದಕ್ಕೆ ಕಾರಣವಾಗಿ ಕೊಡುವ ಹಾಗೂ ಇಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲಿ ಹೇಳಿದೆ. ಹಾಗೆಂದು ಆ ಕಾಗದ ಹಿಡಿದು ನೆರೆಯವರ ಮೇಲೆ ಜಗಳಕ್ಕೆ ಹೋಗಬೇಡಿ. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವವರ ಕಷ್ಟವೂ ಕಷ್ಟವೇ.

ಇನ್ನು ಭಾಷೆಯ ವಿಚಾರ, ಇದು ನನಗೆ ಬಹಳ ಇಷ್ಟದ್ದು. ಮನೆಯಲ್ಲಿ ಅಚ್ಚ ಕನ್ನಡ ಮಾತಾಡುವವರೂ ನಾಯಿಯ ಎದುರು ನಿಂತರೆ "ಸಿಟ್", "ಕಮ್", "ನೋ" ಎಂದು ಇಂಗ್ಲಿಷಿಗೆ ತಿರುಗುತ್ತಾರೆ. ನಾಯಿಗೆ ಯಾವ ಭಾಷೆಯಾದರೇನು? ಕೂತ್ಕೋ, ಬಾ, ಬಿಡು, ತಗೊಂಬಾ ಎಲ್ಲವನ್ನೂ ಕಲಿಯುತ್ತದೆ. ಹಂಗೇರಿಯ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 18 ನಾಯಿಗಳನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಒಂದೇ ಕತೆಯನ್ನು ಎರಡು ಭಾಷೆಗಳಲ್ಲಿ ಕೇಳಿಸಿದರು. ಮನೆಯಲ್ಲಿ ಕೇಳಿದ ಭಾಷೆಗೂ ಪರಿಚಯವಿಲ್ಲದ ಭಾಷೆಗೂ ಅವುಗಳ ಮೆದುಳು ಬೇರೆ ಬೇರೆ ರೀತಿ ಸ್ಪಂದಿಸಿತು. ಆ ಅಧ್ಯಯನ ಮಾಡಿದಾಕೆ ಲಾರಾ ಕುವಾಯ, ಮೆಕ್ಸಿಕೋದಿಂದ ಹಂಗೇರಿಗೆ ಬರುವಾಗ ತನ್ನ ನಾಯಿಯನ್ನೂ ಕರೆತಂದಿದ್ದಳು. ಅಲ್ಲಿಯವರೆಗೆ ಸ್ಪ್ಯಾನಿಷ್ ಮಾತ್ರ ಕೇಳಿದ್ದ ನಾಯಿಗೆ, ಈ ಊರಿನಲ್ಲಿ ಬೇರೆ ಮಾತಾಡುತ್ತಾರೆಂದು ಗೊತ್ತಾಗುತ್ತದೆಯೇ ಎಂಬ ಪ್ರಶ್ನೆಯಿಂದಲೇ ಎಲ್ಲ ಶುರುವಾದದ್ದು. ಹುಟ್ಟಿದ ಊರು ಬಿಟ್ಟು ಬಂದ ನಮಗೆ ಈ ಪ್ರಶ್ನೆ ಅರ್ಥವಾಗುತ್ತದೆ, ಅಲ್ಲವೇ? ಮುಂಬಯಿಯ ಕನ್ನಡಿಗರ ನಾಯಿಯಂತೂ ವಾಚ್‌ಮನ್‌ನ ಹಿಂದಿ, ಬಾಯಿಯ ಮರಾಠಿ, ಅಮ್ಮನ ತುಳು, ಅಪ್ಪನ ಕನ್ನಡ ಎಲ್ಲ ಕೇಳಿ ಬೆಳೆಯುತ್ತದೆ.

ಶಬ್ದ ಕಲಿಸುವುದೇ ಒಂದು ಒಳ್ಳೆಯ ಆಟ. ಅಮೆರಿಕದ ಜಾನ್ ಪಿಲ್ಲಿ ಎಂಬ ನಿವೃತ್ತ ಮನಶ್ಶಾಸ್ತ್ರ ಪ್ರಾಧ್ಯಾಪಕರು ಚೇಸರ್ ಎಂಬ ತಮ್ಮ ಬಾರ್ಡರ್ ಕೋಲಿ ನಾಯಿಗೆ ಮೂರು ವರ್ಷದಲ್ಲಿ 1,022 ವಸ್ತುಗಳ ಹೆಸರು ಕಲಿಸಿದರು. 2011ರಲ್ಲಿ ಅದು ಸಂಶೋಧನಾ ಪತ್ರಿಕೆಯಲ್ಲಿ ಬಂತು. ಚೇಸರ್ 2019ರಲ್ಲಿ ತೀರಿಕೊಂಡಿತು. ನಮಗೆ ಸಾವಿರ ಬೇಡ, ಹತ್ತು ಸಾಕು. ಒಂದು ಗೊಂಬೆ ತೆಗೆದುಕೊಳ್ಳಿ, "ಆನೆ" ಎಂದು ಹೆಸರಿಡಿ. ಆಡಿಸುವಾಗ ಆನೆ, ಆನೆ ಎನ್ನಿ. ಎರಡು ಮೂರು ದಿನದ ಮೇಲೆ ಕೋಣೆಯ ಮೂಲೆಯಲ್ಲಿಟ್ಟು "ಆನೆ ತಗೊಂಬಾ" ಎನ್ನಿ. ತಂದರೆ ಒಂದು ಚೂರು ತಿಂಡಿ, ಬಾಯ್ತುಂಬ ಹೊಗಳಿಕೆ. ಅದು ಪಕ್ಕಾ ಆದ ಮೇಲೆ "ಚೆಂಡು". ಆಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳಿ. ಆ ಹೊತ್ತಿನಲ್ಲಿ ನಾಯಿಯ ಮುಖ ನೋಡಬೇಕು, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತ ಹುಡುಗನ ಹಾಗೆ ಇರುತ್ತದೆ! ಐದು ನಿಮಿಷಕ್ಕಿಂತ ಹೆಚ್ಚು ಎಳೆಯಬೇಡಿ, ಅದಕ್ಕೆ ಇನ್ನೂ ಬೇಕು ಎನ್ನುವಾಗಲೇ ನಿಲ್ಲಿಸಿ. ತಪ್ಪಿದರೆ ಗದರಬೇಡಿ. ಮಕ್ಕಳಿದ್ದರೆ ಕಣ್ಣಾಮುಚ್ಚಾಲೆ ಆಡಿಸಿ. ಒಬ್ಬರು ನಾಯಿ ಹಿಡಿದುಕೊಳ್ಳುವುದು, ಇನ್ನೊಬ್ಬರು ಬಚ್ಚಲುಮನೆಯ ಬಾಗಿಲ ಹಿಂದೆ ಅವಿತು ಹೆಸರು ಕರೆಯುವುದು. ಮಳೆಗಾಲದಲ್ಲಿ, ಹೊರಗೆ ಕಾಲಿಡಲಾಗದ ದಿನಗಳಲ್ಲಿ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ಚೆಂಡು ಎಸೆಯುವ ಆಟ ಮಾತ್ರ ಮಿತಿಯಲ್ಲಿರಲಿ. ನೂರು ಸಲ ಎಸೆದರೆ ನಾಯಿ ದಣಿಯುತ್ತದೆ ಎಂದು ತಿಳಿದವರಿದ್ದಾರೆ. ಮೈ ದಣಿಯುತ್ತದೆ, ತಲೆ ಇನ್ನಷ್ಟು ಕೆರಳುತ್ತದೆ, ನಾಳೆ ನೂರೈವತ್ತು ಸಲ ಬೇಕಾಗುತ್ತದೆ. ನುಣುಪು ಟೈಲ್ಸ್ ಮೇಲೆ ಜಾರಿ ಕೀಲು ನೋಯಿಸಿಕೊಳ್ಳುವುದೂ ಉಂಟು. ಡ್ಯಾಶ್‌ಹುಂಡಿನಂಥ ಉದ್ದ ಬೆನ್ನಿನವಕ್ಕೆ ಮೆಟ್ಟಿಲು ಹತ್ತಿ ಇಳಿಯುವ ವ್ಯಾಯಾಮ ಒಳ್ಳೆಯದಲ್ಲ. ಚಪ್ಪಟೆ ಮೂತಿಯ ಪಗ್‌ಗೆ ಸೆಕೆಯಲ್ಲಿ ಓಡಾಟವೇ ಅಪಾಯ, ಅದಕ್ಕೆ ಕೂತಲ್ಲೇ ಮೂಗಿನ ಆಟ ಸರಿ.

ಒಂಟಿಯಾಗಿ ಬಿಟ್ಟು ಹೋಗುವಾಗ ರೇಡಿಯೋ ಹಾಕಿಟ್ಟು ಹೋಗುತ್ತೇವೆ ಎಂದು ಇಬ್ಬರು ಕೇಳುಗರು ಬರೆದಿದ್ದಾರೆ. ಓದಿ ನನಗೆ ಖುಷಿಯಾಯಿತು, ನಮ್ಮ ಕೇಳುಗರ ಸಂಖ್ಯೆಯಲ್ಲಿ ಅವೂ ಸೇರಲಿ! ಆದರೆ ಸತ್ಯ ಹೇಳಬೇಕಲ್ಲ. 2002ರಲ್ಲಿ ಡೆಬೊರಾ ವೆಲ್ಸ್ ಮತ್ತು ಅವರ ಸಂಗಡಿಗರು ಬೆಲ್‌ಫಾಸ್ಟ್‌ನಲ್ಲಿ ಆಶ್ರಯಧಾಮದ ನಾಯಿಗಳಿಗೆ ಬೇರೆ ಬೇರೆ ಸದ್ದು ಕೇಳಿಸಿ ನೋಡಿದ್ದರು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆ ನಾಯಿಗಳು ಶಾಂತವಾಗಿ ಮಲಗಿದವು, ಹೆವಿ ಮೆಟಲ್ ಅಬ್ಬರಕ್ಕೆ ಹೆಚ್ಚು ಬೊಗಳಿದವು. ಮನುಷ್ಯರ ಮಾತುಕತೆ ಕೇಳಿಸಿದಾಗ? ಏನೂ ವ್ಯತ್ಯಾಸವಾಗಲಿಲ್ಲ. ಹಾಗಾಗಿ ನನ್ನ ಈ ಭಾಷಣ ನಿಮ್ಮ ನಾಯಿಗೆ ಪ್ರಯೋಜನವಿಲ್ಲ, ಶಾಸ್ತ್ರೀಯ ಸಂಗೀತದ ಹೊತ್ತಿನಲ್ಲಿ ಹಾಕಿ. ಭೀಮಸೇನ ಜೋಶಿಯವರ ಹಾಡಿಗೆ ನಾಯಿ ಏನೆನ್ನುತ್ತದೆಂದು ಯಾರಾದರೂ ನೋಡಿದ್ದರೆ ಬರೆಯಿರಿ.

ಗಂಭೀರವಾದ ಒಂದು ಮಾತು. ಬೇಸರದಿಂದ ಕೆಡಿಸುವ ನಾಯಿ ಬೇರೆ, ಒಂಟಿತನದ ಭಯಕ್ಕೆ ಬಿದ್ದ ನಾಯಿ ಬೇರೆ. ಹಳೆಯ ಮೊಬೈಲೊಂದನ್ನು ರೆಕಾರ್ಡಿಂಗಿಗೆ ಇಟ್ಟು ಹೋಗಿ, ನೀವು ಹೊರಟ ಮೊದಲ ಅರ್ಧ ಗಂಟೆ ನೋಡಿ. ಸ್ವಲ್ಪ ಮಲಗಿ, ಎದ್ದು, ಅಲ್ಲಿ ಇಲ್ಲಿ ಕಚ್ಚುತ್ತಾ ತಿರುಗಿದರೆ ಅದು ಬೇಸರ, ಇವತ್ತು ಹೇಳಿದ ಉಪಾಯಗಳು ಅದಕ್ಕೆ. ಬಾಗಿಲು ಮುಚ್ಚಿದ ಕ್ಷಣದಿಂದ ಏದುಸಿರು, ಜೊಲ್ಲು, ಬಾಗಿಲನ್ನು ರಕ್ತ ಬರುವಂತೆ ಕೆರೆಯುವುದು, ಇಟ್ಟ ತಿಂಡಿ ಮುಟ್ಟದಿರುವುದು ಕಂಡರೆ ಅದು ಭಯ. ಅದಕ್ಕೆ ಇಡ್ಲಿ ತಟ್ಟೆ ಸಾಲದು, ಪಶುವೈದ್ಯರನ್ನು ಕಾಣಬೇಕು, ನಿಧಾನವಾದ ಅಭ್ಯಾಸ ಬೇಕು, ಕೆಲವೊಮ್ಮೆ ಔಷಧವೂ ಬೇಕು. ಅದನ್ನು ಹೊಡೆದು ಸರಿಪಡಿಸಲು ಹೋದರೆ ಭಯ ಇಮ್ಮಡಿಯಾಗುತ್ತದೆ.

ಮುದಿ ನಾಯಿಗಳನ್ನು ಮರೆಯಬೇಡಿ. ಹತ್ತು ದಾಟಿತು, ಇನ್ನೇನು ಆಟ ಎಂದು ಮೂಲೆಗೆ ಬಿಟ್ಟುಬಿಡುತ್ತೇವೆ. ಕೆನಡಾ ಮತ್ತು ಅಮೆರಿಕದ ಸಂಶೋಧಕರು ವಯಸ್ಸಾದ ಬೀಗಲ್‌ಗಳನ್ನು ಎರಡು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಟಿಗೆ, ಓಡಾಟ, ಜೊತೆಗಾರ ನಾಯಿ, ಹೊಸ ಪಾಠ ಇವು ಸಿಕ್ಕಿದ ನಾಯಿಗಳ ಕಲಿಕೆಯ ಶಕ್ತಿ ಸಿಗದವುಗಳಿಗಿಂತ ಚೆನ್ನಾಗಿ ಉಳಿದಿತ್ತು. ಜೊತೆಗೆ ವಿಶೇಷ ಆಹಾರವೂ ಸಿಕ್ಕಿದವುಗಳಲ್ಲಿ ಇನ್ನೂ ಚೆನ್ನಾಗಿ. ಕಣ್ಣು ಮಂಜಾದ, ಕಿವಿ ಕೇಳಿಸದ ನಾಯಿಗೂ ಮೂಗು ಬಹಳ ಕಾಲ ಕೆಲಸ ಮಾಡುತ್ತದೆ. ಹಾಸಿಗೆಯ ಸುತ್ತ ನಾಲ್ಕು ಕಡೆ ತಿಂಡಿ ಇಟ್ಟು ಕರೆತನ್ನಿ, ತಲೆ ತಗ್ಗಿಸಿ ನಿಧಾನವಾಗಿ ಒಂದೊಂದನ್ನೇ ಹುಡುಕಿ ತೆಗೆಯುತ್ತದೆ.

ಸಮಯ ಮುಗಿಯುತ್ತಾ ಬಂತು. ನಿಮ್ಮ ನಾಯಿಗೆ ಯಾವ ಯಾವ ಕನ್ನಡ ಶಬ್ದ ಬರುತ್ತದೆ ಎಂದು ಪಟ್ಟಿ ಮಾಡಿ ನಮಗೆ ಕಳುಹಿಸಿ. ತುಳು, ಕೊಂಕಣಿ, ಕೊಡವ, ಬ್ಯಾರಿ ಶಬ್ದಗಳಾದರೂ ಸರಿಯೇ. ಮುಂದಿನ ತಿಂಗಳ ಪತ್ರೋತ್ತರದಲ್ಲಿ ಓದುತ್ತೇನೆ. ಅತಿ ಉದ್ದದ ಪಟ್ಟಿ ಕಳುಹಿಸಿದವರ ನಾಯಿಯ ಹೆಸರನ್ನು, ಯಜಮಾನರ ಹೆಸರಿಗಿಂತ ಮೊದಲು, ಪ್ರಸಾರದಲ್ಲಿ ಹೇಳಲಾಗುವುದು. ನಮಸ್ಕಾರ.